ಎಲ್ಲರಿಗೂ ಒಂದೇ ಅಳತೆ: ಬಲವಂತದ ಸಮಾನತೆಯ ಕಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ಬೆಳಿಗ್ಗೆ ಹತ್ತು-ಹನ್ನೆರಡು ಜನ ಸೇರಿ ಕಥೆ ಓದುತ್ತೇವೆ. ಹೈಸ್ಕೂಲ್ ಮಕ್ಕಳೇ ಜಾಸ್ತಿ. ಒಬ್ಬಿಬ್ಬರು ಕಾಲೇಜಿನವರು, ಮಂಡಿಪೇಟೆಯಿಂದ ಬರುವ ಹಿರಿಯರೊಬ್ಬರು. ಇಂಗ್ಲಿಷ್ ಕಥೆಯಾದರೆ ನಾನು ಓದಿ ಕನ್ನಡದಲ್ಲಿ ಹೇಳುತ್ತೇನೆ. ಕಳೆದ ವರ್ಷ ಪೂರ್ತಿ ಒಂದೇ ಬಗೆಯ ಕಥೆಗಳನ್ನು ಓದಿದೆವು: ಎಲ್ಲರನ್ನೂ ಸಮ ಮಾಡಲು ಹೊರಟು ಊರನ್ನೇ ಕೆಡಿಸಿಕೊಂಡವರ ಕಥೆಗಳು. ಆಗ ಕೇಳಿದ ಪ್ರಶ್ನೆಗಳು, ಆಮೇಲೆ ಚಿತ್ರದುರ್ಗ, ಹರಿಹರ, ಹೊಳಲ್ಕೆರೆ ಕಡೆಯಿಂದ ಪತ್ರದಲ್ಲಿ ಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ತಿದ್ದಿಲ್ಲ.

## ಶುರುವಿಗೆ

ಡಿಸ್ಟೋಪಿಯಾ ಅಂದ್ರೆ ಏನು ಮೇಡಂ? ದೆವ್ವದ ಕಥೆ ತರಾನಾ?

ಹೆದರಿಕೆ ಇರುತ್ತದೆ, ದೆವ್ವ ಇರುವುದಿಲ್ಲ. ಇವತ್ತು ನಮ್ಮ ನಡುವೆ ಇರುವ ಒಂದು ಯೋಚನೆಯನ್ನು ಹಿಡಿದು, ಅದನ್ನು ಕೊನೇ ತನಕ ಎಳೆದರೆ ನಾಳೆ ಊರು ಹೇಗಾಗಬಹುದು ಎಂದು ತೋರಿಸುವ ಕಥೆ ಅದು. ಯುಟೋಪಿಯಾ ಎಂದರೆ ಎಲ್ಲ ಚೆನ್ನಾಗಿರುವ ಕನಸಿನ ಊರು. ಡಿಸ್ಟೋಪಿಯಾ ಅದರ ಉಲ್ಟಾ. ನಾನು ಮಕ್ಕಳಿಗೆ "ಕೆಟ್ಟ ನಾಳೆಯ ಕಥೆ" ಎಂದು ಹೇಳುತ್ತೇನೆ. ಈ ಊರುಗಳಲ್ಲಿ ಹೆಚ್ಚಿನವನ್ನು ಕಟ್ಟಿದವರು ಒಳ್ಳೇದು ಮಾಡಬೇಕೆಂದೇ ಹೊರಟವರು. ಓದುವವರಿಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುವುದೇ ಅಲ್ಲಿ.

ಸಮಾನತೆ ಒಳ್ಳೇದಲ್ವಾ? ಅದರಲ್ಲಿ ಅಪಾಯ ಎಲ್ಲಿಂದ ಬಂತು?

ಒಳ್ಳೇದೇ. ಅದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆದರೆ ನಾವು "ಸಮ" ಎನ್ನುವ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳನ್ನು ಹೇಳುತ್ತೇವೆ. ಕುಡಿಯುವ ನೀರು, ಶಾಲೆ, ಆಸ್ಪತ್ರೆ, ಕೋರ್ಟು, ಮರ್ಯಾದೆ ಎಲ್ಲರಿಗೂ ಒಂದೇ ಥರ ಸಿಗಬೇಕು ಎನ್ನುವುದು ಒಂದು. ಎಲ್ಲರೂ ಒಂದೇ ಥರ ಇರಬೇಕು ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಹಿಂದೆ ಬಿದ್ದವರ ಬೆನ್ನಿನ ಭಾರ ಇಳಿಯುತ್ತದೆ. ಎರಡನೆಯದರಲ್ಲಿ ಮುಂದೆ ಇರುವವರ ಬೆನ್ನಿಗೆ ಭಾರ ಏರುತ್ತದೆ. ಈ ಕಥೆಗಳು ಹೆದರಿಸುವುದು ಎರಡನೆಯದರ ಬಗ್ಗೆ. ಓದುವಾಗ ಯಾರ ಭಾರ ಇಳಿಯುತ್ತಿದೆ, ಯಾರ ಮೇಲೆ ಏರುತ್ತಿದೆ ಎಂದು ನೋಡುತ್ತಾ ಹೋಗಿ.

ಯಾವುದರಿಂದ ಓದೋಕೆ ಶುರು ಮಾಡಲಿ? ದಪ್ಪ ಪುಸ್ತಕ ಬೇಡ.

ಕರ್ಟ್ ವಾನೆಗಟ್ ಬರೆದ "ಹ್ಯಾರಿಸನ್ ಬರ್ಜೆರಾನ್" ಎಂಬ ಸಣ್ಣಕಥೆ. 1961ರಲ್ಲಿ ಒಂದು ಪತ್ರಿಕೆಯಲ್ಲಿ ಬಂತು. ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ಓದಿ ಮುಗಿಸಬಹುದು.

ಕಥೆ ನಡೆಯುವುದು 2081ರ ಅಮೆರಿಕದಲ್ಲಿ. ಸಂವಿಧಾನಕ್ಕೆ 211, 212, 213ನೇ ತಿದ್ದುಪಡಿಗಳು ಬಂದಿವೆ. ಯಾರೂ ಯಾರಿಗಿಂತ ಜಾಣರಾಗಿರಬಾರದು, ಚೆಂದ ಇರಬಾರದು, ಗಟ್ಟಿ ಇರಬಾರದು. ಜಾರ್ಜ್ ಎಂಬುವನಿಗೆ ಬುದ್ಧಿ ಜಾಸ್ತಿ. ಅದಕ್ಕೆ ಅವನ ಕಿವಿಗೆ ಒಂದು ಪುಟ್ಟ ರೇಡಿಯೋ ಸಿಕ್ಕಿಸಿದ್ದಾರೆ. ಸುಮಾರು 20 ಸೆಕೆಂಡಿಗೊಮ್ಮೆ ಅದರಲ್ಲಿ ಕರ್ಕಶ ಸದ್ದು ಬರುತ್ತದೆ. ಯೋಚನೆ ಕೂಡಿಕೊಳ್ಳುವಷ್ಟರಲ್ಲಿ ಚೂರಾಗುತ್ತದೆ. ಮೈಬಲಕ್ಕೆ ಕುತ್ತಿಗೆಯಲ್ಲಿ 47 ಪೌಂಡ್ ಸೀಸದ ಗುಂಡುಗಳ ಚೀಲ. ಅಂದರೆ ಸುಮಾರು 21 ಕೆಜಿ. ನಾವು ಅಂಗಡಿಯಿಂದ ತರುವ 25 ಕೆಜಿ ಅಕ್ಕಿ ಚೀಲಕ್ಕೆ ಸ್ವಲ್ಪ ಕಮ್ಮಿ. ಅದನ್ನು ಕುತ್ತಿಗೆಗೆ ಕಟ್ಟಿಕೊಂಡು ಊಟ, ನಿದ್ದೆ, ಎಲ್ಲ. ಒಂದೆರಡು ಗುಂಡು ತೆಗೆದು ಹಗುರ ಮಾಡಿಕೋ ಎಂದು ಹೆಂಡತಿ ಹೇಳುತ್ತಾಳೆ. ತೆಗೆದ ಒಂದೊಂದು ಗುಂಡಿಗೂ ಎರಡು ವರ್ಷ ಜೈಲು, 2000 ಡಾಲರ್ ದಂಡ ಎನ್ನುತ್ತಾನೆ ಅವನು. ಅವರ 14 ವರ್ಷದ ಮಗ ಹ್ಯಾರಿಸನ್ ಜೈಲಿನಿಂದ ತಪ್ಪಿಸಿಕೊಂಡು ಟಿವಿ ಸ್ಟುಡಿಯೋಗೆ ನುಗ್ಗುತ್ತಾನೆ. ಮುಂದಿನದನ್ನು ನೀವೇ ಓದಿ.

ಆ ಇಪ್ಪತ್ತು ಸೆಕೆಂಡಿನ ಸದ್ದು ನಿಜಕ್ಕೂ ಅಷ್ಟು ಹಿಂಸೆನಾ? ಅಭ್ಯಾಸ ಆಗಿಬಿಡಲ್ವಾ?

ಈ ಪ್ರಶ್ನೆ ಕೇಳಿದ ಹುಡುಗ ಗಣಿತದಲ್ಲಿ ಚುರುಕು. ಮಾಡಿಯೇ ನೋಡೋಣ ಎಂದೆ. ಅವನಿಗೆ ಮೂರು ಅಂಕಿಯ ಗುಣಾಕಾರದ ಹತ್ತು ಲೆಕ್ಕ ಕೊಟ್ಟೆವು. ಇನ್ನೊಬ್ಬ ಹುಡುಗ ಮೊಬೈಲ್‌ನಲ್ಲಿ ಸಮಯ ನೋಡುತ್ತಾ 20 ಸೆಕೆಂಡಿಗೊಮ್ಮೆ ಅವನ ಕಿವಿ ಪಕ್ಕ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸಿದ. ಮೊದಲ ಸಲ ಎಲ್ಲರೂ ನಕ್ಕರು. ಮೂರನೇ ಲೆಕ್ಕಕ್ಕೆ ಬಂದಾಗ ಅವನು ದಶಕ ಹಿಡಿದಿದ್ದು ಮರೆತ. ನಾಲ್ಕನೆಯದನ್ನು ಎರಡು ಸಲ ಅಳಿಸಿದ. ಆಮೇಲೆ ಒಂದು ವಿಚಿತ್ರ ಕಂಡೆವು. ತಟ್ಟೆ ಸದ್ದಾಗುವ ಮೊದಲೇ ಅವನ ಭುಜ ಮೇಲೆ ಎಳೆದುಕೊಳ್ಳುತ್ತಿತ್ತು. ಸದ್ದಿಗಿಂತ ಸದ್ದಿಗಾಗಿ ಕಾಯುವುದೇ ಅವನ ತಲೆಯನ್ನು ತಿನ್ನುತ್ತಿತ್ತು. ಆರನೇ ಲೆಕ್ಕಕ್ಕೆ ಪೆನ್ಸಿಲ್ ಕೆಳಗಿಟ್ಟ. "ಸಾಕು ಮೇಡಂ."

ಆಗ ಮೂಲೆಯಲ್ಲಿ ಕೂತಿದ್ದ ಒಂಬತ್ತನೇ ಕ್ಲಾಸಿನ ಹುಡುಗಿ ಮೆಲ್ಲಗೆ ಹೇಳಿದಳು: "ನಮ್ಮನೇಲಿ ದಿನಾ ಹಿಂಗೇ ಮೇಡಂ." ಅವರದು ಮಂಡಕ್ಕಿ ಭಟ್ಟಿ ಪಕ್ಕದ ಒಂದೇ ಕೋಣೆಯ ಮನೆ. ಇಬ್ಬರು ಚಿಕ್ಕ ತಮ್ಮಂದಿರು, ಕೆಮ್ಮುವ ಅಜ್ಜಿ, ಹೊರಗೆ ಬಿಸಿ ಮರಳಲ್ಲಿ ಅಕ್ಕಿ ಹುರಿಯುವ ಸದ್ದು, ಹೊಗೆ. ಓದಲು ಕೂತರೆ ನೀರು ತಾ, ತಮ್ಮನ್ನ ಎತ್ತಿಕೋ. ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ಕಥೆ ಅರ್ಥವಾಯಿತು ಎನ್ನುವ ಹಾಗೆ ಹೇಳಿದಳು.

ಆ ಭಾನುವಾರದಿಂದ ನಾನು ಈ ಕಥೆಯನ್ನು ಬೇರೆ ಥರ ಓದುತ್ತೇನೆ. ಕಥೆಯಲ್ಲಿ ಕಾನೂನು ಕಟ್ಟಿದ ಚೀಲ ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾರೂ ಕಟ್ಟದೆ ಹುಟ್ಟಿನ ಜೊತೆಗೇ ಬಂದ ಚೀಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಹ್ಯಾರಿಸನ್‌ಗೆ ಅಯ್ಯೋ ಎನ್ನುವವರು ಈ ಹುಡುಗಿಗೂ ಅಯ್ಯೋ ಎನ್ನಬೇಕು. ಇಲ್ಲದಿದ್ದರೆ ಕಥೆಯನ್ನು ಅರ್ಧ ಮಾತ್ರ ಓದಿದ ಹಾಗೆ.

## ಕಥೆಗಳ ಒಳಗೆ

ಬುದ್ಧಿ, ಬಲ ಸರಿ. ಮುಖವನ್ನೂ ಸಮ ಮಾಡ್ತಾರಂತಲ್ಲ, ಅದು ಯಾವ ಕಥೆ?

ಎಲ್.ಪಿ. ಹಾರ್ಟ್ಲಿ 1960ರಲ್ಲಿ ಬರೆದ "ಫೇಶಿಯಲ್ ಜಸ್ಟಿಸ್". ಮೂರನೇ ಮಹಾಯುದ್ಧ ಮುಗಿದಿದೆ. ಜಗಳಕ್ಕೆಲ್ಲ ಹೊಟ್ಟೆಕಿಚ್ಚೇ ಕಾರಣ ಎಂದು ತೀರ್ಮಾನಿಸಿದ್ದಾರೆ. ಹೆಂಗಸರ ಮುಖಗಳನ್ನು ಆಲ್ಫಾ, ಬೀಟಾ, ಗಾಮಾ ಎಂದು ವಿಂಗಡಿಸುತ್ತಾರೆ. ತುಂಬ ಚೆಂದವೂ ಬೇಡ, ಕುರೂಪವೂ ಬೇಡ, ಎಲ್ಲರೂ ನಡುವಿನ ಬೀಟಾ ಆಗಲಿ ಎಂದು ಆಪರೇಷನ್. ನಾಯಕಿ ಜೇಲ್ 97ಗೆ ತನ್ನ ಮುಖ ಬಿಟ್ಟುಕೊಡಲು ಮನಸ್ಸಿಲ್ಲ. ಯುದ್ಧದಲ್ಲಿ ನೆಲಸಮವಾಗದೆ ಉಳಿದ ಚರ್ಚ್ ಗೋಪುರವೊಂದನ್ನು ನೋಡಲು ಹೋಗಿ ಅಪಘಾತವಾಗುತ್ತದೆ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮುಖ ಅವಳದಲ್ಲ. ಕೇಳದೆಯೇ ಬದಲಾಯಿಸಿದ್ದಾರೆ.

ಆ ಗೋಪುರದ ಭಾಗ ನನಗೆ ತುಂಬ ಇಷ್ಟ. ಎಲ್ಲವೂ ಚಪ್ಪಟೆಯಾದ ನಾಡಿನಲ್ಲಿ ಜನರಿಗೆ ಒಮ್ಮೆ ತಲೆ ಎತ್ತಿ ಮೇಲೆ ನೋಡುವ ಆಸೆ. ಚಿತ್ರದುರ್ಗದ ಕೋಟೆ ಬಂಡೆಗಳ ಕೆಳಗೆ ಬೆಳೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೇ ಎಳೆಯನ್ನು ಸ್ಕಾಟ್ ವೆಸ್ಟರ್‌ಫೆಲ್ಡ್ 2005ರಲ್ಲಿ "ಅಗ್ಲೀಸ್" ಕಾದಂಬರಿಯಲ್ಲಿ ತಂದರು. ಅಲ್ಲಿ 16 ತುಂಬಿದವರಿಗೆಲ್ಲ ಚೆಂದ ಮಾಡುವ ಆಪರೇಷನ್. ಹೆಣ್ಣು ನೋಡಲು ಬಂದವರು "ಹುಡುಗಿ ಸ್ವಲ್ಪ ಕಪ್ಪು" ಎಂದು ಹೋಗುವುದನ್ನು ಕಂಡ ನಮ್ಮ ಹುಡುಗಿಯರು ಮಾತ್ರ, ಒಂದೇ ಮುಖ ಆದರೆ ಒಳ್ಳೇದೇ ಅಲ್ವಾ ಎಂದು ಕೇಳಿದರು. ಅವರ ನೋವು ನನಗೆ ಗೊತ್ತು. ಆದರೆ ಬದಲಾಗಬೇಕಾದ್ದು ನೋಡಲು ಬಂದವರ ಕಣ್ಣು. ಅದಕ್ಕೆ ಹುಡುಗಿಯ ಚರ್ಮ ಸುಲಿಯುವುದು ಯಾವ ನ್ಯಾಯ?

ಇಂಥ ಕಥೇಲೆಲ್ಲ ಹೆಸರಿನ ಬದಲು ನಂಬರ್ ಯಾಕೆ ಇಡ್ತಾರೆ?

ಹೆಸರಿನಲ್ಲಿ ಅಜ್ಜಿ ಇರುತ್ತಾಳೆ, ಊರು ಇರುತ್ತದೆ, ಮನೆದೇವರು ಇರುತ್ತಾರೆ. ನಂಬರ್‌ನಲ್ಲಿ ಏನೂ ಇರುವುದಿಲ್ಲ. ಜೆರೋಮ್ ಕೆ. ಜೆರೋಮ್ 1891ರಷ್ಟು ಹಿಂದೆಯೇ "ದ ನ್ಯೂ ಯುಟೋಪಿಯಾ" ಎಂಬ ಕಥೆಯಲ್ಲಿ ಇದನ್ನು ಮಾಡಿದ್ದ. ಅಲ್ಲಿ ಜನಕ್ಕೆ ನಂಬರ್, ಎಲ್ಲರ ಕೂದಲೂ ಕಪ್ಪು, ಜಾಸ್ತಿ ಬಲ ಇದ್ದವನ ಕೈಯೋ ಕಾಲೋ ಕತ್ತರಿಸುತ್ತಾರೆ. ರಷ್ಯಾದ ಯೆವ್ಗೆನಿ ಜಮ್ಯಾತಿನ್ 1920-21ರಲ್ಲಿ ಬರೆದ ಕಾದಂಬರಿಯ ಹೆಸರೇ "ನಾವು". ಕಥೆ ಹೇಳುವವನು ಡಿ-503. ಎಲ್ಲರೂ ಗಾಜಿನ ಮನೆಯಲ್ಲಿರುತ್ತಾರೆ, ಒಂದೇ ಗಳಿಗೆಗೆ ಏಳುತ್ತಾರೆ. ಇಷ್ಟಾದರೂ ಅವನಿಗೆ ಒಂದು ಕೊರಗು: ಮೂಗುಗಳು ಇನ್ನೂ ಬೇರೆ ಬೇರೆ ಇವೆ, ಆದ್ದರಿಂದ ಹೊಟ್ಟೆಕಿಚ್ಚಿಗೆ ಇನ್ನೂ ಜಾಗವಿದೆ. ಸಮ ಮಾಡಲು ಹೊರಟವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ ಎನ್ನುವುದನ್ನು ಆ ಒಂದು ಮೂಗು ಹೇಳಿಬಿಡುತ್ತದೆ.

ಬಲ್ಬ್ ಕಂಡುಹಿಡಿದವನನ್ನೇ ಶಿಕ್ಷಿಸೋಕೆ ಹೋಗ್ತಾರಂತೆ. ಅಷ್ಟು ದಡ್ಡರು ಇರ್ತಾರಾ?

ಅದು ಐನ್ ರ್‍ಯಾಂಡ್ 1938ರಲ್ಲಿ ತಂದ "ಆಂಥೆಮ್". ಅಲ್ಲಿ "ನಾನು" ಎಂಬ ಪದವೇ ಕಳೆದುಹೋಗಿದೆ. ಒಬ್ಬನೇ ಇದ್ದರೂ "ನಾವು" ಎನ್ನಬೇಕು. ಬೀದಿ ಗುಡಿಸುವ ಹುಡುಗನೊಬ್ಬ ಕದ್ದುಮುಚ್ಚಿ ಕಲಿತು ವಿದ್ಯುತ್ ದೀಪ ಉರಿಸುತ್ತಾನೆ. ವಿದ್ವಾಂಸರ ಸಭೆಗೆ ತಂದು ತೋರಿಸಿದರೆ ಅವರು ಹೆದರುತ್ತಾರೆ. ಒಬ್ಬನೇ ಮಾಡಿದ್ದು ಒಳ್ಳೆಯದಾಗಿರಲು ಸಾಧ್ಯವಿಲ್ಲ, ಜೊತೆಗೆ ಮೇಣದಬತ್ತಿ ಇಲಾಖೆ ಹಾಳಾಗುತ್ತದೆ ಎನ್ನುತ್ತಾರೆ.

ನಮ್ಮ ಮಂಡಿಪೇಟೆಯ ಹಿರಿಯರು ಇಲ್ಲಿ ತಡೆದರು. "ಮೇಣದಬತ್ತಿ ಮಾಡೋರು ಆಮೇಲೆ ಏನು ಮಾಡಬೇಕ್ರೀ?" ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ದಾವಣಗೆರೆಯ ಎಷ್ಟು ಮನೆಗಳಲ್ಲಿ ಒಲೆ ಆರಿತು ಎಂದು ಅವರು ಕಣ್ಣಾರೆ ಕಂಡವರು. ಅವರ ಮಾತು ಸರಿ ಎಂದೇ ನನಗೂ ಅನಿಸಿತು. ರ್‍ಯಾಂಡ್ ಕಥೆಯಲ್ಲಿ ಆ ಕೆಲಸಗಾರರಿಗೆ ಮುಖವೇ ಇಲ್ಲ. ದೀಪ ಒಡೆಯುವುದು ತಪ್ಪು. ದೀಪ ಬಂದ ಮೇಲೆ ಮೇಣದವರನ್ನು ಕೈಬಿಡುವುದೂ ತಪ್ಪು. ಆಕೆ ಮೊದಲನೆಯದನ್ನು ಮಾತ್ರ ಬರೆದಳು.

ಎಲ್ಲರೂ ಸಮ ಅಂದ್ಮೇಲೆ ಸಮ ಮಾಡೋರು ಯಾರು? ಅವರು ಯಾರಿಗೆ ಸಮ?

ಇಡೀ ವರ್ಷದಲ್ಲಿ ಬಂದ ಅತ್ಯಂತ ಒಳ್ಳೆಯ ಪ್ರಶ್ನೆ ಇದು. ಕೇಳಿದವಳು ಎಂಟನೇ ಕ್ಲಾಸಿನವಳು.

ತಕ್ಕಡಿ ಹಿಡಿದವನು ತಕ್ಕಡಿಯಲ್ಲಿ ಕೂರುವುದಿಲ್ಲ. ವಾನೆಗಟ್ ಕಥೆಯಲ್ಲಿ ಎಲ್ಲರಿಗೂ ಭಾರ ಹೇರುವ ಅಧಿಕಾರಿ ಡಯಾನಾ ಮೂನ್ ಗ್ಲ್ಯಾಂಪರ್ಸ್. ಕೊನೆಗೆ ಜೋಡುನಳಿಗೆ ಕೋವಿ ಹಿಡಿದು ಬರುವವಳು ಅವಳೇ. ಅವಳ ಗುರಿ ತಪ್ಪುವುದಿಲ್ಲ. ಕೋವಿ ಹಿಡಿದ ಕೈಗೆ ಯಾರೂ ಭಾರ ಕಟ್ಟಿದ ಹಾಗೆ ಕಾಣುವುದಿಲ್ಲ. ಜಮ್ಯಾತಿನ್ ಕಥೆಯಲ್ಲಿ ಎಲ್ಲರೂ ನಂಬರ್, ಮೇಲೆ ಕೂತ ಒಬ್ಬನಿಗೆ ಮಾತ್ರ "ಉಪಕಾರಿ" ಎಂಬ ಬಿರುದು. ಜಾರ್ಜ್ ಆರ್ವೆಲ್ 1945ರ "ಅನಿಮಲ್ ಫಾರ್ಮ್"ನಲ್ಲಿ ಇದನ್ನು ಹಂತ ಹಂತವಾಗಿ ತೋರಿಸುತ್ತಾನೆ. ಪ್ರಾಣಿಗಳೆಲ್ಲ ಸೇರಿ ಮಾಲೀಕನನ್ನು ಓಡಿಸಿ ಎಲ್ಲರೂ ಸಮ ಎಂದು ಗೋಡೆಯ ಮೇಲೆ ಬರೆಯುತ್ತಾರೆ. ಮೊದಲ ದಿನವೇ ಕರೆದ ಹಾಲು ಕಾಣೆ. ಆಮೇಲೆ ಸೇಬುಗಳೂ ಹಂದಿಗಳಿಗೆ ಹೋಗುತ್ತವೆ. ನಾವು ತಲೆ ಕೆಲಸ ಮಾಡುವವರು, ನಿಮಗೋಸ್ಕರವೇ ಕುಡಿಯುತ್ತೇವೆ ಎಂದು ಹಂದಿಗಳ ಸಮಜಾಯಿಷಿ. ನನ್ನ ಪ್ರಕಾರ ಆ ಫಾರ್ಮ್ ಕೆಟ್ಟದ್ದು ಗೋಡೆ ಬರಹ ಬದಲಾದಾಗ ಅಲ್ಲ. ಹಾಲಿನ ಬಕೆಟ್ ಎಲ್ಲಿ ಎಂದು ಯಾರೂ ಜೋರಾಗಿ ಕೇಳದೆ ಹೋದ ಆ ಸಂಜೆಯೇ ಅದು ಕೆಟ್ಟಿತು.

ಇದಕ್ಕೆ ಬಲು ಹಳೆಯ ಒಂದು ಕಥೆಯಿದೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟದ್ದು. ರಾಜ್ಯವನ್ನು ಭದ್ರವಾಗಿ ಇಟ್ಟುಕೊಳ್ಳುವುದು ಹೇಗೆ ಎಂದು ಕಾರಿಂತ್‌ನ ಒಬ್ಬ ದೊರೆ ಇನ್ನೊಬ್ಬ ದೊರೆಯ ಹತ್ತಿರ ದೂತನನ್ನು ಕಳಿಸುತ್ತಾನೆ. ಆ ದೊರೆ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ದೂತನನ್ನು ಪೈರಿನ ಹೊಲಕ್ಕೆ ಕರೆದುಕೊಂಡು ಹೋಗಿ, ಉಳಿದವಕ್ಕಿಂತ ಎತ್ತರ ಬೆಳೆದ ತೆನೆಗಳನ್ನೆಲ್ಲ ಕತ್ತರಿಸಿ ಎಸೆಯುತ್ತಾ ನಡೆಯುತ್ತಾನೆ. ದೂತನಿಗೆ ಅರ್ಥವಾಗಲಿಲ್ಲ, ಕಳಿಸಿದವನಿಗೆ ಅರ್ಥವಾಯಿತು. ನಮ್ಮ ಮೆಕ್ಕೆಜೋಳದ ಹೊಲದಲ್ಲಿ ಯಾರಾದರೂ ಹೀಗೆ ಮಾಡಿದರೆ ರೈತ ಅವನನ್ನು ಸುಮ್ನೆ ಬಿಡುತ್ತಾನಾ? ಆ ದೊರೆಗೆ ಗಿಡ್ಡ ತೆನೆಗಳ ಮೇಲೆ ಪ್ರೀತಿಯೇನೂ ಇರಲಿಲ್ಲ. ತನಗಿಂತ ಎತ್ತರದ್ದು ಯಾವುದೂ ಇರಬಾರದು, ಅಷ್ಟೇ.

"ದ ಗಿವರ್" ಊರಲ್ಲಿ ಹಸಿವಿಲ್ಲ, ಜಗಳ ಇಲ್ಲ. ನಂಗೆ ಅಲ್ಲೇ ಇರ್ಬೇಕು ಅನ್ಸುತ್ತೆ. ಅದು ಕೆಟ್ಟ ಊರು ಹೇಗೆ?

ಲೋಯಿಸ್ ಲೌರಿ 1993ರಲ್ಲಿ ಬರೆದ ಈ ಕಾದಂಬರಿಯ ಊರು ನಿಜಕ್ಕೂ ಆಸೆ ಹುಟ್ಟಿಸುತ್ತದೆ. ಹಾಗೆ ಅನಿಸಿದ್ದರಲ್ಲಿ ತಪ್ಪಿಲ್ಲ, ಮಗೂ. ಆದರೆ ಆ ಊರಿನವರಿಗೆ ಬಣ್ಣ ಕಾಣುವುದಿಲ್ಲ. ಬೆಟ್ಟವಿಲ್ಲ, ಹಿಮವಿಲ್ಲ. ಹನ್ನೆರಡು ತುಂಬಿದಾಗ ಕೆಲಸವನ್ನು ಹಿರಿಯರ ಸಮಿತಿ ಗೊತ್ತುಮಾಡುತ್ತದೆ. ಜೋನಸ್ ಎಂಬ ಹುಡುಗ ಮೊದಲ ಸಲ ಒಂದು ಸೇಬಿನಲ್ಲಿ ಕೆಂಪು ಕಾಣುತ್ತಾನೆ. ಅದು ಏನೆಂದು ಹೇಳಲು ಅವನಲ್ಲಿ ಪದವೇ ಇಲ್ಲ.

ಅವಳಿಗಳ ಭಾಗವನ್ನು ಓದಿದ್ದೀಯಲ್ಲ. ಒಂದೇ ಥರದ ಇಬ್ಬರು ಇರಬಾರದು ಎಂದು ಆ ಊರಿನ ನಿಯಮ. ಇಬ್ಬರನ್ನೂ ತೂಕಕ್ಕೆ ಹಾಕುತ್ತಾರೆ. ಕಮ್ಮಿ ತೂಗಿದ ಕೂಸನ್ನು "ಬಿಡುಗಡೆ" ಮಾಡುತ್ತಾರೆ. ಮಾಡುವವನು ಜೋನಸ್‌ನ ಸ್ವಂತ ಅಪ್ಪ. ಮುದ್ದಿನ ಮಾತಾಡುತ್ತಲೇ ಸಾಯಿಸುವ ಸೂಜಿ ಚುಚ್ಚುತ್ತಾನೆ. ಅವನು ಕ್ರೂರಿಯಲ್ಲ. ನೋವು ಎಂದರೇನು ಎಂಬ ನೆನಪನ್ನೇ ಅವನಿಂದ ಕಿತ್ತುಕೊಂಡಿದ್ದಾರೆ.

"ಬ್ರೇವ್ ನ್ಯೂ ವರ್ಲ್ಡ್" ಕೂಡ ಇದೇ ಪಟ್ಟೀಲಿ ಬರುತ್ತಾ?

ಬರುವುದಿಲ್ಲ. ಆಲ್ಡಸ್ ಹಕ್ಸ್‌ಲಿ 1932ರಲ್ಲಿ ಬರೆದದ್ದು ಅಸಮಾನತೆಯ ಕಥೆ. ಆಲ್ಫಾದಿಂದ ಎಪ್ಸಿಲಾನ್‌ವರೆಗೆ ಐದು ವರ್ಗ. ಅಲ್ಲಿ ಮಕ್ಕಳು ಬೆಳೆಯುವುದು ಬಾಟಲಿಯಲ್ಲಿ, ಕೆಳವರ್ಗದ ಭ್ರೂಣಕ್ಕೆ ಅಲ್ಲೇ ಆಮ್ಲಜನಕ ಕಮ್ಮಿ ಕೊಟ್ಟು ಬುದ್ಧಿ ಕುಗ್ಗಿಸುತ್ತಾರೆ. ಆ ವರ್ಗಗಳಿಗೆ ಹಕ್ಸ್‌ಲಿ ಬಳಸಿದ ಪದ "ಜಾತಿ" ಎಂದೇ.

## ನಮ್ಮ ಊರಿಗೆ ತಂದು ನೋಡಿದಾಗ

ಐದು ಬೆರಳು ಸಮ ಇರಲ್ಲ ಅಂತ ನಮ್ಮ ಹಿರಿಯರು ಆಗಲೇ ಹೇಳಿದಾರೆ. ಈ ಕಥೆಗಳೂ ಅದನ್ನೇ ಹೇಳ್ತಾವಲ್ವಾ?

ಈ ಗಾದೆಯನ್ನು ಯಾರು ಯಾರಿಗೆ ಹೇಳುತ್ತಾರೆ ಎಂದು ಗಮನಿಸಿ. ಕೂಲಿ ಜಾಸ್ತಿ ಕೇಳಿದವನಿಗೆ ಯಜಮಾನ ಹೇಳುತ್ತಾನೆ. ಅಣ್ಣನ ಹಾಗೆ ನನಗೂ ಓದಿಸಿ ಎಂದ ಮಗಳಿಗೆ ಅಪ್ಪ ಹೇಳುತ್ತಾನೆ. ಹೆಬ್ಬೆರಳು ಈ ಗಾದೆ ಹೇಳಿದ್ದನ್ನು ಕೇಳಿದ್ದೇನೆ, ಕಿರುಬೆರಳು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಬೆರಳುಗಳ ಉದ್ದ ಬೇರೆ ಬೇರೆ, ನಿಜ. ಆದರೆ ಐದಕ್ಕೂ ಹರಿಯುವುದು ಒಂದೇ ರಕ್ತ. ಕಿರುಬೆರಳಿಗೆ ದಾರ ಬಿಗಿದು ಕಟ್ಟಿ, ನೀಲಿಯಾದ ಮೇಲೆ "ಅದು ಹುಟ್ಟಿದ್ದೇ ಹಾಗೆ" ಎನ್ನಬಾರದು. ನಡುಬೆರಳು ಉದ್ದವಾಯಿತೆಂದು ತುದಿ ಕತ್ತರಿಸಲೂಬಾರದು. ಈ ಕಥೆಗಳು ಕತ್ತಿಯ ಬಗ್ಗೆ ಹೇಳುತ್ತವೆ. ದಾರದ ಬಗ್ಗೆ ನಾವು ಸೇರಿಸಿ ಓದಿಕೊಳ್ಳಬೇಕು.

ಮೀಸಲಾತಿಯೂ ಇದೇ ಅಲ್ವಾ? ಬುದ್ಧಿವಂತರ ಕುತ್ತಿಗೆಗೆ ಭಾರ ಕಟ್ಟೋದು?

ಅಲ್ಲ. ಇದನ್ನು ಸಿಟ್ಟಿಲ್ಲದೆ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಏಕೆಂದರೆ ಚಿತ್ರದುರ್ಗದಿಂದ ಬಂದ ಪತ್ರದಲ್ಲಿ ಕಾಲೇಜು ಹುಡುಗನೊಬ್ಬ ಇದನ್ನು ಪ್ರಾಮಾಣಿಕವಾಗಿಯೇ ಕೇಳಿದ್ದಾನೆ.

ವಾನೆಗಟ್ ಕಥೆಯಲ್ಲಿ ಓಟದ ಗೆರೆ ಎಲ್ಲರಿಗೂ ಒಂದೇ. ಆಮೇಲೆ ಚುರುಕಾದವರಿಗೆ ಭಾರ ಕಟ್ಟುತ್ತಾರೆ. ನಮ್ಮ ನಾಡಿನಲ್ಲಿ ಗೆರೆಯೇ ಒಂದಾಗಿರಲಿಲ್ಲ. ಬಾವಿ ಮುಟ್ಟಬೇಡ, ಗುಡಿ ಮೆಟ್ಟಿಲು ಹತ್ತಬೇಡ, ಅಕ್ಷರ ಕಲಿಯಬೇಡ ಎಂದು ತಲೆಮಾರುಗಟ್ಟಲೆ ಒಂದು ಭಾಗದ ಜನರ ಕುತ್ತಿಗೆಗೆ ಚೀಲ ಕಟ್ಟಿದ್ದೆವು. ಬಲವಂತ ಎಂದರೆ ಅದು. ಜಾಣರನ್ನು ಹುಟ್ಟಿನ ಲೆಕ್ಕದಲ್ಲಿ ಕೆಳಗೆ ಒತ್ತಿದ ಆ ವ್ಯವಸ್ಥೆಯೇ ಜೋನಸ್‌ನ ಊರಿಗೂ ಗ್ಲ್ಯಾಂಪರ್ಸ್ ಕಚೇರಿಗೂ ಹತ್ತಿರದ್ದು.

ಸಂವಿಧಾನದ 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮ ಎನ್ನುತ್ತದೆ. 17ನೆಯದು ಅಸ್ಪೃಶ್ಯತೆಯನ್ನು ತೆಗೆದುಹಾಕುತ್ತದೆ. ಹಿಂದುಳಿದವರಿಗೆ, ಪರಿಶಿಷ್ಟರಿಗೆ ವಿಶೇಷ ಏರ್ಪಾಟು ಮಾಡಬಹುದೆಂಬ 15(4) ಸೇರಿದ್ದು 1951ರ ಮೊದಲ ತಿದ್ದುಪಡಿಯಲ್ಲಿ. ಈ ಯಾವ ವಿಧಿಯೂ ಯಾರ ಕಿವಿಗೂ ರೇಡಿಯೋ ಸಿಕ್ಕಿಸುವುದಿಲ್ಲ. ಸೀಟು ಸಿಗದೆ ನೊಂದ ಹುಡುಗನ ದುಃಖ ಸುಳ್ಳಲ್ಲ. ಸೀಟುಗಳು ಯಾಕೆ ಇಷ್ಟು ಕಮ್ಮಿ ಎಂದು ಅವನು ಜೋರಾಗಿಯೇ ಕೇಳಲಿ. ಆದರೆ ಪಕ್ಕದವನ ಭಾರ ಇಳಿದದ್ದನ್ನು ತನ್ನ ಮೇಲೆ ಏರಿದ ಭಾರ ಎಂದುಕೊಳ್ಳಬಾರದು.

ಅಂಬೇಡ್ಕರ್ 1936ರ "ಜಾತಿ ವಿನಾಶ"ದಲ್ಲಿ ಇದನ್ನು ಎಷ್ಟು ಬಿಡಿಸಿ ನೋಡುತ್ತಾರೆ ಗೊತ್ತಾ? ಮನುಷ್ಯನ ಶಕ್ತಿ ಮೂರರಿಂದ ಬರುತ್ತದೆ: ಮೈಯ ಹುಟ್ಟುಗುಣ, ಮನೆ-ಸಮಾಜದಿಂದ ಬಂದ ಆಸ್ತಿ ಮತ್ತು ಓದು, ಸ್ವಂತ ದುಡಿಮೆ. ದುಡಿಮೆಗೆ ತಕ್ಕ ಹಾಗೆ ಬೇರೆ ಬೇರೆ ಫಲ ಸಿಗಲಿ ಎನ್ನಬಹುದು. ಆದರೆ ಮೊದಲ ಎರಡರ ಲೆಕ್ಕದಲ್ಲಿ ಜನರನ್ನು ಬೇರೆ ಮಾಡಿದರೆ, ಹುಟ್ಟಿನಿಂದಲೇ ಎಲ್ಲ ಇದ್ದವನೇ ಓಟ ಗೆಲ್ಲುತ್ತಾನೆ. ಎಲ್ಲರೊಳಗಿನ ಶಕ್ತಿ ಹೊರಬರಬೇಕಾದರೆ ಶುರುವಿನಲ್ಲಿ ಎಲ್ಲರನ್ನೂ ಆದಷ್ಟು ಸಮವಾಗಿ ಕಾಣಬೇಕು. ಅವರ ವಾದದ ತಿರುಳು ಇದು.

ವಾನೆಗಟ್ ಕೂಡ ಇದೇ ಕಡೆಯವನು. 2005ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ ಶಾಲೆಗಳ ಹಣದ ವಿಚಾರಕ್ಕೆ ಕೇಸು ನಡೆದಾಗ ಒಂದು ಕಡೆಯ ವಕೀಲರು ಅವನ ಕಥೆಯನ್ನೇ ಎತ್ತಿ ತೋರಿಸಿದರು. ಅವನು ಪತ್ರಿಕೆಯೊಂದಕ್ಕೆ ಹೇಳಿದ್ದರ ಸಾರ ಇಷ್ಟು: ಅವರು ಕಥೆಯನ್ನು ತಪ್ಪಾಗಿ ಓದಿದ್ದಾರೆ, ಅದು ಪ್ರತಿಭೆಯ ಕಥೆ, ಹಣ ಪ್ರತಿಭೆಗೆ ಸಾಕ್ಷಿಯಲ್ಲ, ಬಡತನದ ಕಾರಣಕ್ಕೆ ಮಕ್ಕಳು ಒಳ್ಳೆಯ ಓದಿನಿಂದ ತಪ್ಪಬಾರದು.

ನನ್ನ ಮಗಳು ಹುಷಾರು. ಕ್ಲಾಸಲ್ಲಿ ಕೈ ಎತ್ತಬೇಡ, ಬೇರೆಯವರು ಹೇಳಲಿ ಅಂತಾರಂತೆ. ಏನು ಮಾಡಲಿ?

ಹೊಳಲ್ಕೆರೆಯಿಂದ ಬರೆದ ತಾಯಿಗೆ ಮೊದಲು ನನ್ನ ತಪ್ಪನ್ನು ಹೇಳಬೇಕು. ಎಷ್ಟೋ ವರ್ಷದ ಹಿಂದೆ ನಾನು ಪಾಠ ಹೇಳುತ್ತಿದ್ದಾಗ ಎರಡನೇ ಬೆಂಚಿನ ಒಬ್ಬ ಹುಡುಗಿ ಪ್ರತಿ ಪ್ರಶ್ನೆಗೂ ಕೈ ಎತ್ತುತ್ತಿದ್ದಳು. "ನೀನು ಸುಮ್ನಿರು, ನಿಂಗೆ ಗೊತ್ತು ಅಂತ ನಂಗೊತ್ತು" ಎಂದೆ. ಬೇರೆಯವರಿಗೂ ಅವಕಾಶ ಸಿಗಲಿ ಎನ್ನುವುದೇ ನನ್ನ ಮನಸ್ಸಿನಲ್ಲಿದ್ದದ್ದು. ಒಂದೆರಡು ವಾರ ಅವಳ ಕೈ ಡೆಸ್ಕಿನಿಂದ ಅರ್ಧ ಮೇಲೆದ್ದು ಮತ್ತೆ ಕೆಳಗಿಳಿಯುತ್ತಿತ್ತು. ಆಮೇಲೆ ಏಳುವುದೇ ನಿಂತಿತು. ಹಿಂದಿನ ಬೆಂಚಿನವರು ಅದರಿಂದ ಮಾತಾಡಲು ಶುರು ಮಾಡಲಿಲ್ಲ. ಕ್ಲಾಸಿನಲ್ಲಿ ಒಂದು ದನಿ ಕಮ್ಮಿಯಾಯಿತು, ಅಷ್ಟೇ. ಆ ಅರ್ಧ ಎದ್ದ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಟೀಚರ್ ಹತ್ತಿರ ಜಗಳಕ್ಕೆ ಹೋಗಬೇಡಿ. ಅವರಿಗೆ ಅರವತ್ತು ಮಕ್ಕಳಿರಬಹುದು. ಮಗಳಿಗೆ ಬೇರೆ ಕೆಲಸ ಕೊಡಲು ಕೇಳಿ. ಕಷ್ಟದ ಲೆಕ್ಕ, ಗೋಡೆಪತ್ರಿಕೆ, ಪಕ್ಕದವಳಿಗೆ ಹೇಳಿಕೊಡುವುದು, ಏನಾದರೂ. ಮನೆಯಲ್ಲಿ ಅವಳು ಮಾತಾಡುವಾಗ ಕೊನೇ ತನಕ ಕೇಳಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಇದೆಲ್ಲ ಕಮ್ಯುನಿಸ್ಟರ ಮೇಲಿನ ಕೋಪಕ್ಕೆ ಬರೆದದ್ದು ಅಂತಾರೆ. ಹೌದಾ?

ರ್‍ಯಾಂಡ್ ವಿಷಯದಲ್ಲಿ ಹೌದು. ರಷ್ಯಾದಲ್ಲಿ ಕ್ರಾಂತಿಯಾದಾಗ ಆಕೆಯ ತಂದೆಯ ಔಷಧಿ ಅಂಗಡಿಯನ್ನು ಕಿತ್ತುಕೊಂಡರು. ಆ ಗಾಯ ಬರಹದಲ್ಲಿದೆ. ಆದರೆ ಜಮ್ಯಾತಿನ್ ಸ್ವತಃ ಬೊಲ್ಶೆವಿಕ್, ಅಂದರೆ ರಷ್ಯಾದ ಆ ಕ್ರಾಂತಿ ಮಾಡಿದ ಪಕ್ಷದವನೇ ಆಗಿದ್ದವನು, 1905ರಲ್ಲಿ ಚಕ್ರವರ್ತಿಯ ಪೊಲೀಸರು ಹಿಡಿದಿದ್ದರು. ಅವನ ಕಾದಂಬರಿ 1924ರಲ್ಲಿ ಇಂಗ್ಲಿಷ್‌ನಲ್ಲಿ ಬಂತು, ಸ್ವಂತ ನಾಡಿನಲ್ಲಿ ಅಚ್ಚಾಗಲು 1988 ಬೇಕಾಯಿತು. 1931ರಲ್ಲಿ ಸ್ಟಾಲಿನ್‌ಗೇ ಪತ್ರ ಬರೆದು ದೇಶ ಬಿಟ್ಟು, 1937ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ. ಆರ್ವೆಲ್ ಕೊನೇ ತನಕ ತಾನು ಸಮಾಜವಾದಿ ಎಂದೇ ಹೇಳಿಕೊಂಡ. ಸಮಾನತೆಯನ್ನು ಪ್ರೀತಿಸಿದವರೇ ಅದು ಕೆಡುವುದನ್ನು ಹತ್ತಿರದಿಂದ ಕಂಡು ಬರೆದರು. ಮನೆಯವರಿಗೇ ಅಲ್ವಾ ಮೊದಲು ಸುಟ್ಟ ವಾಸನೆ ಬರುವುದು.

ಕಥೆ ಬಿಡಿ. ನಿಜವಾಗಿ ಎಲ್ಲಾದ್ರೂ ಹೀಗೆ ಆಗಿದೆಯಾ?

ಆಗಿದೆ. ಕಾಂಬೋಡಿಯಾದಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಪಡೆಗಳು 1975ರ ಏಪ್ರಿಲ್ 17ರಂದು ರಾಜಧಾನಿ ನೋಮ್ ಪೆನ್ ಹಿಡಿದು ಇಡೀ ನಗರವನ್ನೇ ಖಾಲಿ ಮಾಡಿಸಿದವು. ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. ಎಲ್ಲರೂ ರೈತರಾಗಬೇಕು, ಎಲ್ಲರಿಗೂ ಕಪ್ಪು ಬಟ್ಟೆ. ದುಡ್ಡನ್ನೇ ರದ್ದು ಮಾಡಿದರು. ಓದಿದವರೆಂದು ಅನುಮಾನ ಬಂದರೆ ಕೊಂದರು. 1979ರ ಜನವರಿಯಲ್ಲಿ ಅವರ ಆಳ್ವಿಕೆ ಬೀಳುವ ಹೊತ್ತಿಗೆ 15ರಿಂದ 20 ಲಕ್ಷ ಜನ ಸತ್ತಿದ್ದರು ಎಂದು ಅಂದಾಜು. ನಾಯಕ ಪೋಲ್ ಪಾಟ್ ಪ್ಯಾರಿಸ್‌ನಲ್ಲಿ ಓದಿ ಬಂದವನು, ಮೇಷ್ಟರಾಗಿದ್ದವನು. ಅವರ ದೊಡ್ಡ ಸೆರೆಮನೆ ಟುವಲ್ ಸ್ಲೆಂಗ್ ಮೊದಲು ಒಂದು ಹೈಸ್ಕೂಲ್ ಆಗಿತ್ತು. ಇದನ್ನು ಹೇಳಿದ ದಿನ ಮಕ್ಕಳು ತುಂಬ ಹೊತ್ತು ಮಾತಾಡಲಿಲ್ಲ. ನಾನೂ ಮುಂದಿನ ಕಥೆಗೆ ಹೋಗಲಿಲ್ಲ.

ನಮ್ಮ ಶರಣರೂ ಎಲ್ಲರೂ ಸಮ ಅಂದ್ರು. ಅದು ಇದಕ್ಕಿಂತ ಹೇಗೆ ಬೇರೆ?

ಅಂಕಿತವನ್ನು ನೋಡಿ. ಹನ್ನೆರಡನೇ ಶತಮಾನದಲ್ಲಿ ಸಮಾನತೆಯ ಮಾತಾಡಿದವರು ಯಾರ ಹೆಸರನ್ನೂ ಅಳಿಸಿ ನಂಬರ್ ಕೊಡಲಿಲ್ಲ. ಬಸವಣ್ಣನದು ಕೂಡಲಸಂಗಮದೇವ, ಅಕ್ಕನದು ಚೆನ್ನಮಲ್ಲಿಕಾರ್ಜುನ, ಅಲ್ಲಮನದು ಗುಹೇಶ್ವರ. ದೋಣಿ ನಡೆಸುವ ಚೌಡಯ್ಯನಂತೂ "ಅಂಬಿಗರ ಚೌಡಯ್ಯ" ಎಂದು ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಅಂಬಿಗ ಹುಟ್ಟು ಹಿಡಿದೇ ಮಾತಾಡಿದ, ನೇಕಾರ ಮಗ್ಗದ ಮಾತಿನಲ್ಲೇ ಹೇಳಿದ. ಎಲ್ಲರ ದನಿಯನ್ನೂ ಒಂದೇ ಮಟ್ಟಕ್ಕೆ ಇಳಿಸಲಿಲ್ಲ, ಯಾರ ದನಿಯೂ ಕೇಳದೆ ಹೋಗಲಿಲ್ಲ.

ಐದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿರುತ್ತದೆ. ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದ. ಇಷ್ಟು ಯಾಕೆ, ತಂದಲ್ಲೇ ಹಾಕಿ ಬಾ ಎಂದಳು ಲಕ್ಕಮ್ಮ. ಬಾಗಿಲಲ್ಲಿ ಅಕ್ಕಿ ತೂಗಲು ಯಾವ ಅಧಿಕಾರಿಯೂ ನಿಂತಿರಲಿಲ್ಲ.

ನಾವೂ ಇಂಥ ಕಥೆ ಬರೀಬಹುದಾ? ದಾವಣಗೆರೇಲಿ ನಡೆದ ಹಾಗೆ?

ಬರೆಯಿರಿ. ನಿಮ್ಮ ಬೀದಿಯಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸದಿಂದ ಶುರು ಮಾಡಿ. ನಮ್ಮಲ್ಲಿ ಒಬ್ಬ ಹುಡುಗ ಆಗಲೇ ಅರ್ಧ ಬರೆದಿದ್ದಾನೆ. ಅವನ ಅಪ್ಪ ಬೆಣ್ಣೆದೋಸೆ ಹೋಟೆಲಿನಲ್ಲಿ ದೋಸೆ ಹಾಕುತ್ತಾರೆ. ಕಥೆಯಲ್ಲಿ ಹೊಸ ಕಾನೂನು ಬಂದಿದೆ: ಊರಿನ ಯಾವ ಹೋಟೆಲಿನ ದೋಸೆಯೂ ಇನ್ನೊಂದಕ್ಕಿಂತ ರುಚಿ ಇರಬಾರದು. ಮೊದಲು ಬೆಣ್ಣೆ ಅಳೆಯುತ್ತಾರೆ. ಆಮೇಲೆ ಸೌದೆ ತೂಗುತ್ತಾರೆ. ಆದರೂ ಒಬ್ಬರ ದೋಸೆಗೆ ಮಾತ್ರ ಜನ ಸಾಲುಗಟ್ಟುತ್ತಾರೆ. ಯಾಕೆಂದು ಪತ್ತೆ ಮಾಡಲು ಅಧಿಕಾರಿಗಳು ಮೂರು ದಿನ ಪಕ್ಕದಲ್ಲೇ ನಿಲ್ಲುತ್ತಾರೆ. ಆ ದೋಸೆ ಹಾಕುವವರು ನೀರು ಚಿಮುಕಿಸಿ, ಕಾವಲಿಯ ಮೇಲೆ ಅಂಗೈ ಹಿಡಿದು ಕಾವು ನೋಡುವುದು ಕಣ್ಣಿಗೆ ಬೀಳುತ್ತದೆ. ಮಾರನೇ ದಿನದಿಂದ ಅವರಿಗೆ ದಪ್ಪ ಕೈಗವಸು. ಕೈಗೆ ಕಾವೇ ತಿಳಿಯಬಾರದು.

ಅಲ್ಲಿಗೆ ನಿಂತಿದೆ. ಕೈಗವಸು ಹಾಕಿಕೊಂಡು ಅವರು ಮೊದಲ ದೋಸೆ ಹೇಗೆ ಹಾಕಿದರು ಎಂದು ಕೇಳಿದೆ. ಹುಡುಗ ಪುಸ್ತಕ ಮಡಿಚಿ ಚೀಲಕ್ಕೆ ಹಾಕಿಕೊಂಡ.

"ಗೊತ್ತಿಲ್ಲ ಮೇಡಂ. ಅಪ್ಪನ್ನ ಕೇಳಿಕೊಂಡು ಬರ್ತೀನಿ."